ಸೇವಂತಿಗೆಯ ವಂಶಾವಳಿ ಮತ್ತು ನಮ್ಮ ನೆರೆಯ ಆನ್ ಆರ್ಬರ್

ಪೂಜೆಯ ಸೇವಂತಿಗೆ, ತೋರಣದ ಚೆಂಡುಹೂ, ಚಟ್ನಿಪುಡಿಯ ಹುಚ್ಚೆಳ್ಳು, ಎಣ್ಣೆಯ ಕುಸುಬೆ, ತಲೆಗೂದಲಿಗೆ ಹಚ್ಚುವ ಗರುಗದ ಸೊಪ್ಪು ಇವೆಲ್ಲ ಒಂದೇ ಕುಟುಂಬದವು. ಸಸ್ಯಶಾಸ್ತ್ರ ಇದನ್ನು ಆಸ್ಟರೇಸಿ ಎನ್ನುತ್ತದೆ. ಸೂರ್ಯಕಾಂತಿಯ ಕುಟುಂಬ ಎಂದರೂ ಸರಿಯೇ. ಇದರಲ್ಲಿ 20,000ಕ್ಕೂ ಹೆಚ್ಚು ಪ್ರಭೇದಗಳಿವೆ. ನಾವು ಒಂದು ಸೇವಂತಿಗೆ ಎಂದು ಕೀಳುವುದು ನಿಜವಾಗಿ ನೂರಾರು ಪುಟ್ಟ ಹೂಗಳ ಗೊಂಚಲು. ಇಷ್ಟು ದೊಡ್ಡ ಕುಟುಂಬದಲ್ಲಿ ಯಾರಿಗೆ ಯಾರು ಹತ್ತಿರದ ನೆಂಟರು? ಈ ಪ್ರಶ್ನೆಯ ಚರಿತ್ರೆಯಲ್ಲಿ ಡೆಟ್ರಾಯ್ಟ್ ಪಕ್ಕದ ಆನ್ ಆರ್ಬರ್‌ಗೆ ಮುಖ್ಯ ಪಾತ್ರವಿದೆ.

ಮಿಷಿಗನ್ ವಿಶ್ವವಿದ್ಯಾಲಯ 1838ರಲ್ಲಿ ಸಸ್ಯವಿಜ್ಞಾನಿ ಏಸಾ ಗ್ರೇ ಅವರನ್ನು ಪ್ರಾಧ್ಯಾಪಕರಾಗಿ ನೇಮಿಸಿತು. ಅವರು ಗ್ರಂಥಾಲಯಕ್ಕಾಗಿ ಯುರೋಪಿನಲ್ಲಿ ಪುಸ್ತಕ ಕೊಂಡು ತಂದರು. ಆದರೆ ಇಲ್ಲಿ ಒಂದು ಪಾಠವನ್ನೂ ಮಾಡದೆ 1842ರಲ್ಲಿ ಹಾರ್ವರ್ಡ್ ಸೇರಿದರು. ಸೂರ್ಯಕಾಂತಿಯ ಕುಟುಂಬದಲ್ಲಿ ಅವರಿಗೆ ವಿಶೇಷ ಪರಿಣತಿಯಿತ್ತು. 1857ರ ಸೆಪ್ಟೆಂಬರ್‌ನಲ್ಲಿ ಚಾರ್ಲ್ಸ್ ಡಾರ್ವಿನ್ ತಮ್ಮ ವಿಕಾಸವಾದದ ಸಾರವನ್ನು ಪತ್ರದಲ್ಲಿ ಬರೆದು ಕಳಿಸಿದ್ದು ಇದೇ ಗ್ರೇ ಅವರಿಗೆ. ರೂಪ ಹೋಲುವುದು ಏಕೆ ಎಂಬುದಕ್ಕೆ ಆಗ ಉತ್ತರ ದೊರೆಯಿತು: ಪೂರ್ವಜರು ಒಬ್ಬರೇ ಆಗಿದ್ದರೆ ಹೋಲಿಕೆ ಉಳಿದಿರುತ್ತದೆ. ಆದರೆ ರೂಪ ಒಮ್ಮೊಮ್ಮೆ ಮೋಸಮಾಡುತ್ತದೆ. ದೂರದವರೂ ಹೋಲಬಹುದು, ಹತ್ತಿರದವರೂ ಬೇರೆಯಾಗಿ ಕಾಣಬಹುದು.

ರೂಪವನ್ನು ಬದಿಗಿಟ್ಟು ಸಾಕ್ಷ್ಯ ಹುಡುಕುವ ಕೆಲಸ ಮತ್ತೆ ಆನ್ ಆರ್ಬರ್‌ನಲ್ಲೇ ನಡೆಯಿತು. 1987ರಲ್ಲಿ ರಾಬರ್ಟ್ ಜಾನ್ಸೆನ್ ಮತ್ತು ಜೆಫ್ರಿ ಪಾಮರ್ ಎಲೆಯ ಹಸಿರು ಕಣಗಳಲ್ಲಿರುವ ಡಿಎನ್‌ಎಯನ್ನು ಪರೀಕ್ಷಿಸಿದರು. ಅವರು ನೋಡಿದ ಈ ಕುಟುಂಬದ 57 ಕುಲಗಳಲ್ಲಿ ಸುಮಾರು 22,000 ಅಕ್ಷರಗಳ ಒಂದು ತುಂಡು ತಿರುಗುಮುರುಗಾಗಿ ಕೂತಿತ್ತು. ದಕ್ಷಿಣ ಅಮೆರಿಕದ ಬಾರ್ನಡೇಸಿಯಾ ಗುಂಪಿನಲ್ಲಿ ಮಾತ್ರ ಅದು ತಿರುಗಿರಲಿಲ್ಲ; ನೆರೆಯ ಕುಟುಂಬಗಳಲ್ಲೂ ತಿರುಗಿರಲಿಲ್ಲ. ಓಲೆಗರಿಯ ಪ್ರತಿಕಾರನೊಬ್ಬ ಹಾಳೆಗಳನ್ನು ಹಿಂದುಮುಂದಾಗಿ ನಕಲಿಸಿದರೆ ಆ ಪ್ರತಿಯಿಂದ ಹುಟ್ಟಿದ ಎಲ್ಲ ಪ್ರತಿಗಳಲ್ಲೂ ಆ ತಪ್ಪು ಉಳಿಯುತ್ತದಲ್ಲವೇ? ಹಾಗೆಯೇ ಇದು. ತಪ್ಪಿಲ್ಲದ ಬಾರ್ನಡೇಸಿಯಾ ಗುಂಪು ಎಲ್ಲರಿಗಿಂತ ಮೊದಲು ಬೇರೆಯಾದ ಕವಲು ಎಂದು ತಿಳಿಯಿತು.

ಇದರಿಂದ ನಮಗೇನು ಎಂದು ಕೇಳಬಹುದು. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಚಿಕಾಗೊ, ಡೆಟ್ರಾಯ್ಟ್ ಸುತ್ತ ಸೀನು ಶುರುವಾದೊಡನೆ ನಾವು ಹಳದಿ ಹೂವಿನ ಗೋಲ್ಡನ್‌ರಾಡ್ ಗಿಡವನ್ನು ದೂರುತ್ತೇವೆ. ಅದರ ಪರಾಗ ಅಂಟಂಟು, ಜೇನ್ನೊಣಗಳೇ ಹೊತ್ತೊಯ್ಯಬೇಕು. ಗಾಳಿಯಲ್ಲಿ ಹಾರಿ ಮೂಗು ಸೇರುವುದು ಅದೇ ಕಾಲದಲ್ಲಿ ಕಣ್ಣಿಗೆ ಬೀಳದಂಥ ಹೂ ಬಿಡುವ ರ‍್ಯಾಗ್‌ವೀಡ್‌ನ ಪರಾಗ. ಎರಡೂ ಆಸ್ಟರೇಸಿಯವೇ. ಆದರೆ ರ‍್ಯಾಗ್‌ವೀಡ್‌ನ ಹತ್ತಿರದ ಬಂಧು ನಾವು ಊರಿನಲ್ಲಿ ಕಾಂಗ್ರೆಸ್ ಗಿಡ ಎನ್ನುವ ಪಾರ್ಥೇನಿಯಂ. ಅದೂ ಅಮೆರಿಕ ಖಂಡದಿಂದಲೇ ನಮ್ಮಲ್ಲಿಗೆ ಬಂದದ್ದು. ಒಂದರ ಪರಾಗ ಒಗ್ಗದ ದೇಹ ಇನ್ನೊಂದರ ಪರಾಗವನ್ನೂ ಗುರುತಿಸಿ ಕೆರಳಬಲ್ಲದು ಎಂದು 1990ರ ದಶಕದಲ್ಲಿ ಬೆಂಗಳೂರಿನ ವಿಜ್ಞಾನಿಗಳು ತೋರಿಸಿದರು.

ಬೆಂಗಳೂರಿನ ಖಾಲಿ ಸೈಟುಗಳ ಪಾರ್ಥೇನಿಯಂಗೆ ಸೀನಿ ಬೆಳೆದ ನನಗೆ ಇಲ್ಲಿಯ ರ‍್ಯಾಗ್‌ವೀಡ್ ಅಪರಿಚಿತವೆನಿಸಲಿಲ್ಲ. ಊರಿನಿಂದ ಬಂದ ಅಪ್ಪ-ಅಮ್ಮನಿಗೆ ಇಲ್ಲಿ ಶ್ರಾವಣ-ಭಾದ್ರಪದದಲ್ಲಿ ಕಣ್ಣು ಉರಿ, ಮೂಗು ಸೋರಿಕೆ ಕಾಣಿಸಿದರೆ, ಅಲ್ಲಿ ಕಾಂಗ್ರೆಸ್ ಗಿಡ ಬಾಧಿಸಿತ್ತೇ ಎಂದು ಕೇಳಿ, ಅದನ್ನು ವೈದ್ಯರಿಗೂ ತಿಳಿಸಿ.