ಚರ್ಮದೊಳಗೆ ಔಷಧದ ಪ್ರವೇಶ: ಅಳತೆಯ ವಿಧಾನಗಳು

ಹಚ್ಚಿದ ಮುಲಾಮಿನಲ್ಲಿರುವ ಔಷಧ ಚರ್ಮದ ಯಾವ ಪದರಕ್ಕೆ ಎಷ್ಟು ಇಳಿಯಿತು, ಅಲ್ಲಿ ಎಷ್ಟು ಹೊತ್ತು ಉಳಿಯಿತು ಎಂಬುದನ್ನು ಕಂಡುಕೊಳ್ಳುವುದು ಔಷಧಶಾಸ್ತ್ರದ ಕಠಿಣ ಕೆಲಸಗಳಲ್ಲೊಂದು. ನುಂಗಿದ ಮಾತ್ರೆಯ ವಿಷಯದಲ್ಲಿ ಸಾಮಾನ್ಯವಾಗಿ ರಕ್ತಪರೀಕ್ಷೆಯೇ ಉತ್ತರ ಹೇಳುತ್ತದೆ. ಮುಲಾಮು ಕೆಲಸ ಮಾಡಬೇಕಾದದ್ದು ಚರ್ಮದಲ್ಲೇ. ರಕ್ತದಲ್ಲಿ ಸಿಗುವುದು ಆ ಜಾಗವನ್ನು ಬಿಟ್ಟುಹೋದ ಪಾಲು. ಹಾಗಾಗಿ ಚರ್ಮವನ್ನು ದಾಟಿದ ಪ್ರಮಾಣವನ್ನೇ ಗುರಿ ತಲುಪಿದ ಪ್ರಮಾಣವೆಂದು ಓದುವುದು ತಪ್ಪು.

ಹೆಚ್ಚು ಬಳಕೆಯಲ್ಲಿರುವ ಸಾಧನ ಫ್ರಾಂಜ್ ಕೋಶ. ಎರಡು ಗಾಜಿನ ಕೋಣೆಗಳ ನಡುವೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಚರ್ಮದ ತುಂಡನ್ನು ಬಿಗಿದು, ಮೇಲೆ ಔಷಧ ಹಚ್ಚುತ್ತಾರೆ. ಚರ್ಮದ ಮೇಲ್ಮೈ 32 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುವಂತೆ ನೋಡಿಕೊಂಡು, ಕೆಳಗಿನ ದ್ರವವನ್ನು ಆಗಾಗ ತೆಗೆದು ಪರೀಕ್ಷಿಸುತ್ತಾರೆ. ದೇಹದಿಂದ ಬೇರ್ಪಟ್ಟ ಚರ್ಮದಿಂದ ಏನು ತಿಳಿದೀತು ಎಂದು ಕೇಳಬಹುದು. ಮುಖ್ಯ ತಡೆಗೋಡೆಯಾದ ಹೊರಪದರ ಸತ್ತ ಕೋಶಗಳದ್ದೇ, ಹಾಗಾಗಿ ಬೇರ್ಪಟ್ಟ ಮೇಲೂ ಅದರ ತಡೆ ಬಹುಮಟ್ಟಿಗೆ ಉಳಿಯುತ್ತದೆ. ಬಹುಪಾಲು ಕಡೆ ಅದರ ದಪ್ಪ 10ರಿಂದ 20 ಮೈಕ್ರೊಮೀಟರ್ ಅಷ್ಟೆ. ಮನುಷ್ಯರಲ್ಲಿ ಮೊದಲೇ ದೊರೆತಿದ್ದ ಅಂಕಿಗಳೊಡನೆ ಸಂಶೋಧಕ ಫ್ರಾಂಜ್ 1975ರಲ್ಲಿ ಈ ವಿಧಾನವನ್ನು ಹೋಲಿಸಿ ನೋಡಿದ್ದರಿಂದಲೇ ಅದಕ್ಕೆ ಬೆಲೆ ಬಂತು. ಆದರೆ ಗಾಜಿನ ಕೋಶದಲ್ಲಿ ರಕ್ತ ಹರಿಯುವುದಿಲ್ಲ, ಉರಿಯೂತವೂ ಏಳುವುದಿಲ್ಲ. ಹಾಗಾಗಿ ಸೋರಿಯಾಸಿಸ್‌ನಂಥ ಉರಿಯೂತದ ಕಾಯಿಲೆಯಿರುವ ಚರ್ಮದ ಬಗ್ಗೆ ಆರೋಗ್ಯವಂತ ಚರ್ಮದ ತುಂಡು ಹೇಳುವುದು ಅರ್ಧ ಮಾತು.

ಬದುಕಿರುವ ಚರ್ಮದಲ್ಲೇ ಅಳೆಯಲು ಅಂಟುಪಟ್ಟಿಯ ವಿಧಾನವಿದೆ: ಪಟ್ಟಿಯನ್ನು ಒತ್ತಿ ಕಿತ್ತಾಗಲೆಲ್ಲ ಹೊರಪದರದ ಒಂದಿಷ್ಟು ತೆಳು ಹೊದಿಕೆ ಏಳುತ್ತದೆ, ಅದರಲ್ಲಿರುವ ಔಷಧವನ್ನು ಲೆಕ್ಕ ಹಾಕುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1998ರಲ್ಲಿ ಇದಕ್ಕೆ ಕರಡು ಮಾರ್ಗಸೂಚಿ ಹೊರಡಿಸಿತು. ಮೊಡವೆಗೆ ಹಚ್ಚುವ ಟ್ರೆಟಿನಾಯಿನ್ ಜೆಲ್‌ಗಳ ಮೇಲೆ ಎರಡು ಪ್ರಯೋಗಾಲಯಗಳು ಒಂದಕ್ಕೊಂದು ಒಪ್ಪದ ಫಲಿತಾಂಶ ಕೊಟ್ಟ ಮೇಲೆ, 2002ರಲ್ಲಿ ಅದನ್ನು ಹಿಂದೆಗೆದುಕೊಂಡಿತು. ಸ್ಟೀರಾಯ್ಡ್‌ಗಳಿಗೆ 1962ರಿಂದ ಬಂದ ಪರೀಕ್ಷೆ ಇನ್ನೂ ಸರಳ: ಔಷಧ ರಕ್ತನಾಳಗಳನ್ನು ಕುಗ್ಗಿಸಿ ಚರ್ಮವನ್ನು ಎಷ್ಟು ಬಿಳಿಚಿಸುತ್ತದೆ ಎಂದು ನೋಡುವುದು. ಇದು ತಲುಪಿದ್ದಕ್ಕೆ ನೇರ ಸಾಕ್ಷಿ, ಆದರೆ ಬೇರೆ ಔಷಧಗಳಿಗೆ ಹೊಂದದು. ಒಳಚರ್ಮದಲ್ಲಿ ಸಣ್ಣ ಕೊಳವೆ ಇಟ್ಟು ಅಲ್ಲಿನ ದ್ರವವನ್ನೇ ಸಂಗ್ರಹಿಸುವ ವಿಧಾನಗಳು ಗುರಿಗೆ ಎಲ್ಲಕ್ಕಿಂತ ಹತ್ತಿರ. ಅವು ದುಬಾರಿ, ನುರಿತ ಕೈಯನ್ನೂ ಬೇಡುತ್ತವೆ.

ಹಾಗೆಂದು ಚರ್ಮವನ್ನು ದಾಟಿದ್ದರ ಅಳತೆ ವ್ಯರ್ಥವಲ್ಲ. ಸುರಕ್ಷತೆಗೆ ಅದೇ ಆಧಾರ. ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಸಂಶೋಧಕರು 1967ರಲ್ಲಿ ಮೂತ್ರ ಪರೀಕ್ಷೆಯಿಂದಲೇ ತೋರಿಸಿದಂತೆ, ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಮುಂಗೈಗಿಂತ ಹಣೆಯಲ್ಲಿ ಸುಮಾರು 6 ಪಟ್ಟು, ವೃಷಣಚೀಲದಲ್ಲಿ 42 ಪಟ್ಟು ಹೆಚ್ಚು ಹೀರಲ್ಪಡುತ್ತದೆ. ಆದ್ದರಿಂದ ಕೈಗೆಂದು ಬರೆದುಕೊಟ್ಟ ಸ್ಟೀರಾಯ್ಡ್ ಮುಲಾಮನ್ನು ವೈದ್ಯರನ್ನು ಕೇಳದೆ ಮುಖಕ್ಕೋ ತೊಡೆಸಂದಿಗೋ ಹಚ್ಚಬಾರದು.