ಬಿರುಗಾಳಿಯ ಅನಂತರದ ನೆಲ ಮತ್ತು ನುಡಿ: 1893ರ ಕಡಲ ದ್ವೀಪಗಳ ದುರಂತ ಹಾಗೂ ಗಲ್ಲಾ ಸಮುದಾಯ

ಪ್ರಕೃತಿ ವಿಕೋಪಗಳ ಚರಿತ್ರೆ ಸಾಮಾನ್ಯವಾಗಿ ಪರಿಹಾರ ಕೊಟ್ಟವರ ಭಾಷೆಯಲ್ಲಿ ಬರೆಯಲ್ಪಡುತ್ತದೆ. ಸತ್ತವರ ಅಂದಾಜು, ಹಂಚಿದ ಧಾನ್ಯದ ಲೆಕ್ಕ, ಮೇಲಧಿಕಾರಿಗಳಿಗೆ ಕಳುಹಿಸಿದ ವರದಿ ಇವೆಲ್ಲವೂ ಆಡಳಿತದ ನುಡಿಯಲ್ಲಿ ಉಳಿಯುತ್ತವೆ. ಅನುಭವಿಸಿದವರ ನುಡಿ ಬೇರೆಯಾಗಿದ್ದಾಗ ಅವರ ಮಾತು ದಾಖಲೆಯೊಳಗೆ ಬರುವುದೇ ಇಲ್ಲ, ಬಂದರೂ ರೂಪ ಬದಲಿಸಿಕೊಂಡು ಬರುತ್ತದೆ. 1893ರ ಆಗಸ್ಟ್‌ನಲ್ಲಿ ಅಮೆರಿಕದ ಆಗ್ನೇಯ ಕರಾವಳಿಯ ಕಡಲ ದ್ವೀಪಗಳ ಮೇಲೆ ಎರಗಿದ ಚಂಡಮಾರುತ ಮತ್ತು ಅದರ ಅನಂತರ ಅಲ್ಲಿನ ಗಲ್ಲಾ ಭಾಷಿಕ ಕಪ್ಪು ಜನರು ಬದುಕನ್ನು ಮತ್ತೆ ಕಟ್ಟಿಕೊಂಡ ಬಗೆ ಈ ದೃಷ್ಟಿಯಿಂದ ಪರಿಶೀಲನೆಗೆ ಅರ್ಹವಾಗಿದೆ. ರೆಡ್‌ಕ್ರಾಸ್ ಸಂಸ್ಥೆಯ ಸಾಹಸಗಾಥೆಯಾಗಿ ಮಾತ್ರ ಪರಿಚಿತವಾಗಿರುವ ಈ ಘಟನೆಯನ್ನು ಒಂದು ಭಾಷಾ ಸಮುದಾಯದ ಚರಿತ್ರೆಯಾಗಿ ಓದಿದರೆ ಬೇರೆಯೇ ಚಿತ್ರ ಮೂಡುತ್ತದೆ. ಆ ಸಮುದಾಯ ಚೇತರಿಸಿಕೊಂಡದ್ದು ಹೊರಗಿನ ನೆರವು ಬಂದದ್ದರಿಂದ ಮಾತ್ರವಲ್ಲ, ಅದರ ಕಾಲಡಿಯ ನೆಲ ಅದರದ್ದೇ ಆಗಿದ್ದುದರಿಂದ.

ದ್ವೀಪಗಳು, ಜನ ಮತ್ತು ಜಮೀನು

ಸೌತ್ ಕ್ಯಾರೊಲಿನಾ ಮತ್ತು ಜಾರ್ಜಿಯಾ ರಾಜ್ಯಗಳ ಕರಾವಳಿಗೆ ತಾಗಿ, ಉಬ್ಬರವಿಳಿತದ ಹೊಳೆಗಳಿಂದಲೂ ಜವುಗು ನೆಲದಿಂದಲೂ ಬೇರ್ಪಟ್ಟ ತಗ್ಗು ದ್ವೀಪಗಳ ಸಾಲು ಇದೆ. ಬ್ಯೂಫರ್ಟ್ ಪಟ್ಟಣದ ಸುತ್ತಲಿನ ಸೇಂಟ್ ಹೆಲೆನಾ, ಲೇಡೀಸ್, ಪೋರ್ಟ್ ರಾಯಲ್, ಕೂಸಾ, ಹಿಲ್ಟನ್ ಹೆಡ್ ಈ ಸಾಲಿಗೆ ಸೇರಿದವು. ಉದ್ದ ಎಳೆಯ ಹತ್ತಿಗೆ ಹೆಸರಾದ ಈ ನೆಲದಲ್ಲಿ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಿಂದ ತರಲಾದ ಗುಲಾಮರು ತಲೆಮಾರುಗಳ ಕಾಲ ದುಡಿದರು. ಬಿಳಿಯರ ಸಂಖ್ಯೆ ಅತ್ಯಲ್ಪವಾಗಿದ್ದ ಈ ಪ್ರದೇಶದಲ್ಲಿ ಇಂಗ್ಲಿಷಿನ ಪದಕೋಶ ಮತ್ತು ಹಲವು ಆಫ್ರಿಕನ್ ಭಾಷೆಗಳ ಧ್ವನಿ, ವ್ಯಾಕರಣ, ಹೆಸರುಗಳು ಕೂಡಿ ಗಲ್ಲಾ ಎಂಬ ಕ್ರಿಯೋಲ್ ಭಾಷೆ ಬೆಳೆಯಿತು.

1861ರ ನವೆಂಬರ್ 7ರಂದು ಒಕ್ಕೂಟದ ನೌಕಾಪಡೆ ಪೋರ್ಟ್ ರಾಯಲ್ ಕೊಲ್ಲಿಯನ್ನು ವಶಪಡಿಸಿಕೊಂಡಾಗ ತೋಟಗಳ ಮಾಲೀಕರು ಓಡಿಹೋದರು, ದುಡಿಯುವವರು ಉಳಿದರು. ಮರುವರ್ಷವೇ ಸೇಂಟ್ ಹೆಲೆನಾದಲ್ಲಿ ಪೆನ್ ಶಾಲೆ ಆರಂಭವಾಯಿತು. ಮಾಲೀಕರು ಕಟ್ಟದೆ ಬಿಟ್ಟ ತೆರಿಗೆಯ ಕಾರಣಕ್ಕೆ 1863ರಿಂದ ಜಮೀನುಗಳ ಹರಾಜು ನಡೆಯಿತು. ಬಹುಭಾಗ ಸರ್ಕಾರಕ್ಕೂ ಉತ್ತರದ ಹೂಡಿಕೆದಾರರಿಗೂ ಹೋದರೂ, ಮುಂದಿನ ವರ್ಷಗಳಲ್ಲಿ ವಿಮುಕ್ತರಾದ ಕುಟುಂಬಗಳು ಹತ್ತು ಎಕರೆಯಷ್ಟರ ಚಿಕ್ಕ ಹಿಡುವಳಿಗಳನ್ನು ಕೊಂಡುಕೊಂಡವು. ದಕ್ಷಿಣದ ಉಳಿದೆಡೆ ವಿಮುಕ್ತರು ಪಾಲುಗಾರಿಕೆಯ ಸಾಲದಲ್ಲಿ ಸಿಲುಕಿದಾಗ, ಇಲ್ಲಿ, ವಿಶೇಷವಾಗಿ ಸೇಂಟ್ ಹೆಲೆನಾದಲ್ಲಿ, ಸ್ವಂತ ಹೊಲವುಳ್ಳ ಸಣ್ಣ ರೈತರ ಸಮಾಜ ರೂಪುಗೊಂಡಿತು. ಬ್ಯೂಫರ್ಟ್‌ನಲ್ಲಿ ಗುಲಾಮನಾಗಿ ಹುಟ್ಟಿ ಮುಂದೆ ಅಮೆರಿಕದ ಕಾಂಗ್ರೆಸ್ ಸದಸ್ಯರಾದ ರಾಬರ್ಟ್ ಸ್ಮಾಲ್ಸ್ ಈ ಸಮಾಜದ ರಾಜಕೀಯ ದನಿಯಾಗಿದ್ದರು.

ಹಳೆಯ ತೋಟಗಳ ಹೆಸರಿನಲ್ಲೇ ಮುಂದುವರಿದ ಒಂದೊಂದು ಕೇರಿಗೂ ‘ಪ್ರೇಯ್ಸ್ ಹೌಸ್’ ಎಂದು ಕರೆಯಲಾಗುವ ಪುಟ್ಟ ಪ್ರಾರ್ಥನಾ ಮನೆ ಇತ್ತು. ಪ್ರಾರ್ಥನೆಯಷ್ಟೇ ಅಲ್ಲದೆ ಊರಿನ ವ್ಯಾಜ್ಯ ತೀರ್ಮಾನ, ಕಷ್ಟದಲ್ಲಿದ್ದವರ ಪಾಲನೆ ಎಲ್ಲವೂ ಅಲ್ಲಿಯೇ ನಡೆಯುತ್ತಿದ್ದವು. ಅಲ್ಲಿನ ವ್ಯವಹಾರದ ನುಡಿ ಗಲ್ಲಾ. ನದಿಗಳ ತಳದಿಂದ ಫಾಸ್ಫೇಟ್ ತೆಗೆಯುವ ಗಣಿಗಾರಿಕೆಯು ಗಂಡಸರಿಗೆ ಕೂಲಿ ಹಣ ತರುತ್ತಿತ್ತು. ಹೊಲದ ಬೆಳೆ ಮತ್ತು ಗಣಿಯ ಕೂಲಿ ಎಂಬ ಎರಡು ಆಧಾರಗಳ ಮೇಲೆ ದ್ವೀಪದ ಸಂಸಾರ ನಡೆಯುತ್ತಿತ್ತು.

ಆಗಸ್ಟ್ 27ರ ರಾತ್ರಿ

1893ರ ಆಗಸ್ಟ್ 27 ಭಾನುವಾರ. ಅಂದು ರಾತ್ರಿ ಸವಾನಾ ನಗರದ ಬಳಿ ಚಂಡಮಾರುತ ನೆಲಕ್ಕಪ್ಪಳಿಸಿತು. ಸುಳಿಯ ಬಲಭಾಗಕ್ಕೆ ಸಿಕ್ಕಿದ ದ್ವೀಪಗಳ ಮೇಲೆ, ಉಬ್ಬರದ ಹೊತ್ತಿಗೇ, ಗಾಳಿ ತಳ್ಳಿತಂದ ಕಡಲು ನುಗ್ಗಿತು. ಸೇಂಟ್ ಹೆಲೆನಾಕ್ಕೆ ಆಗ ಸೇತುವೆಯಿರಲಿಲ್ಲ. ಅದು ಬಂದದ್ದು 1927ರಲ್ಲಿ. ದೋಣಿಯೊಂದೇ ದಾರಿಯಾಗಿದ್ದ ಕಡೆ ಬಿರುಗಾಳಿಯ ರಾತ್ರಿ ಎಲ್ಲಿಗೂ ಹೋಗುವಂತಿರಲಿಲ್ಲ. ಸತ್ತವರಲ್ಲಿ ಹೆಚ್ಚಿನವರು ಗಾಳಿಗಲ್ಲ, ನೀರಿಗೆ ಬಲಿಯಾದರು.

ಮೃತರ ಸಂಖ್ಯೆ ಕುರಿತ ಅಂದಾಜುಗಳು ಒಂದು ಸಾವಿರದಿಂದ ಎರಡು ಸಾವಿರದ ಮೇಲಕ್ಕೂ ಹೋಗುತ್ತವೆ. ಈ ಅನಿಶ್ಚಿತತೆಗೆ ಕಾರಣಗಳಿವೆ. ರಾಜ್ಯವ್ಯಾಪಿಯಾಗಿ ಮರಣ ನೋಂದಣಿ ಆರಂಭವಾದದ್ದು 1915ರಲ್ಲಿ. ಜವುಗಿನಲ್ಲಿ ದಿನಗಳ ಮೇಲೆ ಸಿಕ್ಕ ದೇಹಗಳನ್ನು ಸಿಕ್ಕಲ್ಲಿಯೇ ಹೂಳಲಾಯಿತು. ಯಾವ ಕೇರಿಯಲ್ಲಿ ಯಾರು ಇಲ್ಲವಾದರು ಎಂಬ ನಿಖರವಾದ ಅರಿವು ಇದ್ದದ್ದು ಆ ಕೇರಿಯ ಜನರಿಗೇ. ಆದರೆ ಅದನ್ನು ಬರೆದಿಟ್ಟುಕೊಳ್ಳುವ ಕಚೇರಿ ಇರಲಿಲ್ಲ. ಎಣಿಕೆಯ ಈ ಅಸ್ಪಷ್ಟತೆಯೇ ಆ ಸಮುದಾಯಕ್ಕೂ ಆಡಳಿತಕ್ಕೂ ನಡುವಣ ದೂರದ ಅಳತೆಯಾಗಿದೆ.

ಬದುಕುಳಿದವರ ಮುಂದಿದ್ದುದು ದೀರ್ಘವಾದ ಸಾವು. ಮನೆಗಳು ಕೊಚ್ಚಿಹೋಗಿದ್ದವು. ಬಾವಿಗಳಿಗೆ ಉಪ್ಪುನೀರು ನುಗ್ಗಿತ್ತು. ಹತ್ತಿ ಮತ್ತು ಮೆಕ್ಕೆಜೋಳ ಕಟಾವಿಗೆ ಮುನ್ನ ನೆಲಕಚ್ಚಿದ್ದವು, ಗೆಣಸು ಮಣ್ಣಿನೊಳಗೇ ಕೊಳೆಯಿತು. ನಿಂತ ನೀರಿನಿಂದ ಮಲೇರಿಯಾ ಹರಡಿತು. ದೋಣಿಗಳು ಒಡೆದುಹೋದುದರಿಂದ ಮೀನಿನ ಆಸರೆಯೂ ತಪ್ಪಿತು. ಅದೇ ವರ್ಷ ಅಮೆರಿಕದ ಬ್ಯಾಂಕುಗಳು ಕುಸಿದು ಆರ್ಥಿಕ ಮುಗ್ಗಟ್ಟು ಆವರಿಸಿತ್ತು. ಆಗಿನ ರಾಜ್ಯಪಾಲ ಬೆಂಜಮಿನ್ ಟಿಲ್‌ಮನ್ ಬಿಳಿಯರ ಪಾರಮ್ಯವನ್ನು ಬಹಿರಂಗವಾಗಿ ಪ್ರತಿಪಾದಿಸಿದ ರಾಜಕಾರಣಿ. ಕಾಂಗ್ರೆಸ್ಸಿನಿಂದಲೂ ಅನುದಾನ ಬರಲಿಲ್ಲ. ಹೊಣೆ ರೆಡ್‌ಕ್ರಾಸ್‌ನ ಮೇಲೆ ಬಿತ್ತು.

ಪಡಿತರ ಮತ್ತು ದುಡಿಮೆ

ಅಮೆರಿಕದ ರೆಡ್‌ಕ್ರಾಸ್ ಸ್ಥಾಪಕಿ ಕ್ಲಾರಾ ಬಾರ್ಟನ್ ಅವರಿಗೆ ಆಗ 71 ವರ್ಷ. ಸೆಪ್ಟೆಂಬರ್‌ನಲ್ಲಿ ದ್ವೀಪಗಳನ್ನು ನೋಡಿ ಬಂದ ಅವರು ಅಕ್ಟೋಬರ್ 1ರಿಂದ ಪರಿಹಾರದ ಹೊಣೆ ಹೊತ್ತರು. ಮರುವರ್ಷದ ಬೇಸಿಗೆಯವರೆಗೆ ಕೆಲಸ ನಡೆಯಿತು. ಕೈಯಲ್ಲಿದ್ದ ಹಣ ಸುಮಾರು 30,000 ಡಾಲರ್, ನಿರಾಶ್ರಿತರ ಸಂಖ್ಯೆಯೂ ಸುಮಾರು 30,000. ಎಂದರೆ ಇಡೀ ಅವಧಿಗೆ ತಲೆಗೆ ಒಂದು ಡಾಲರಿನಷ್ಟು. ಏಳು ಜನರ ಕುಟುಂಬಕ್ಕೆ ವಾರಕ್ಕೆ ಒಂದು ಪೆಕ್, ಅಂದರೆ ಸುಮಾರು ಒಂಬತ್ತು ಲೀಟರ್ ಅಳತೆಯ ಮೆಕ್ಕೆಜೋಳದ ನುಚ್ಚು ಮತ್ತು ಒಂದು ಪೌಂಡ್ ಹಂದಿಮಾಂಸ ನಿಗದಿಯಾಯಿತು. ಇಷ್ಟರಲ್ಲಿ ಯಾವ ಸಂಸಾರವೂ ಚಳಿಗಾಲ ಕಳೆಯುವಂತಿರಲಿಲ್ಲ. ಉಳಿದುದನ್ನು ಜನ ಹೊಳೆಯಿಂದ, ಕಾಡಿನಿಂದ, ಪರಸ್ಪರರಿಂದ ಹೊಂದಿಸಿಕೊಂಡರು.

ಪಡಿತರ ಪಡೆದ ದೃಢಕಾಯರು ದುಡಿಯಬೇಕೆಂಬುದು ಬಾರ್ಟನ್ ಅವರ ನಿಯಮ. ನೆರವು ಸೋಮಾರಿತನವನ್ನು ಬೆಳೆಸುತ್ತದೆ ಎಂಬ ಅಂದಿನ ದಾನಚಿಂತನೆಯ ಭಯ ಇದರ ಹಿಂದಿತ್ತು. ಕಪ್ಪು ಜನರ ವಿಷಯದಲ್ಲಿ ಆ ಭಯಕ್ಕೆ ಜನಾಂಗೀಯ ಪೂರ್ವಗ್ರಹವೂ ಕೂಡಿಕೊಳ್ಳುತ್ತಿತ್ತು. ಆದರೆ ನಡೆದ ಕೆಲಸದ ಸ್ವರೂಪ ಗಮನಿಸಬೇಕು. ಉಪ್ಪುನೀರು ಹೊರಹೋಗಲು ಮೈಲಿಗಟ್ಟಲೆ ಬಸಿಗಾಲುವೆಗಳನ್ನು ತೋಡಲಾಯಿತು. ಮರಮುಟ್ಟು ಬಂದಾಗ ಮನೆಗಳನ್ನು ಕಟ್ಟಲಾಯಿತು. ಹೆಂಗಸರು ಹೊಲಿಗೆ ಮಂಡಳಿಗಳಲ್ಲಿ ಸೇರಿ ಉತ್ತರದಿಂದ ಬಂದ ಹಳೆಯ ಬಟ್ಟೆಗಳನ್ನು ಬಿಚ್ಚಿ ಮರುಹೊಲಿದು ಹಂಚಿದರು. ವಸಂತದಲ್ಲಿ ಬಿತ್ತನೆ ಬೀಜ ಮನೆಮನೆ ತಲುಪಿತು.

ಈ ಶ್ರಮದಲ್ಲಿ ಹೆಚ್ಚಿನದು ಜನರ ಸ್ವಂತ ಹೊಲ, ಸ್ವಂತ ಕೇರಿಯ ಮೇಲಿನ ಶ್ರಮ. ಬಸಿಗಾಲುವೆ ತೋಡಿದವನು ಬೇರೊಬ್ಬನ ತೋಟವನ್ನು ಒಣಗಿಸಿಕೊಟ್ಟು ಕೂಲಿ ಪಡೆಯುತ್ತಿರಲಿಲ್ಲ. ತನ್ನ ಹತ್ತು ಎಕರೆಯನ್ನು ಮರಳಿ ಪಡೆಯುತ್ತಿದ್ದ. ಪಡಿತರ ಹಂಚಲು ಕೇರಿ ಕೇರಿಗೂ ಸ್ಥಳೀಯರ ಸಮಿತಿಗಳನ್ನು ರಚಿಸಲು ಸಾಧ್ಯವಾದದ್ದೂ ಅಲ್ಲಿ ಮೊದಲೇ ಹಿರಿಯರ ಮಾತು ನಡೆಯುವ ವ್ಯವಸ್ಥೆ ಇದ್ದುದರಿಂದ. ಪರಿಹಾರ ವರದಿಗಳು ಸಂಸ್ಥೆಯ ಶಿಸ್ತೆಂದು ತೋರಿಸುವುದರಲ್ಲಿ ಒಂದು ಭಾಗ ದ್ವೀಪದ ಕೇರಿಗಳು ಮೂರು ದಶಕಗಳಲ್ಲಿ ರೂಢಿಸಿಕೊಂಡಿದ್ದ ಶಿಸ್ತು.

ಯಾರ ಮಾತಿನಲ್ಲಿ ಉಳಿಯಿತು?

ಈ ದುರಂತದ ಪ್ರಮುಖ ಲಿಖಿತ ಆಕರಗಳೆಲ್ಲ ಹೊರಗಿನವರವು. ಬಾರ್ಟನ್ ತಮ್ಮ ರೆಡ್‌ಕ್ರಾಸ್ ಚರಿತ್ರೆಯಲ್ಲಿ ಇದಕ್ಕೆ ದೊಡ್ಡ ಭಾಗವನ್ನು ಮೀಸಲಿಟ್ಟರು. ಬ್ಯೂಫರ್ಟ್‌ನಲ್ಲಿ ಶಾಲೆ ನಡೆಸುತ್ತಿದ್ದ ರೇಚಲ್ ಮ್ಯಾಥರ್ 1894ರಲ್ಲಿ ಈ ಬಿರುಗಾಳಿಯ ಬಗ್ಗೆಯೇ ಪುಸ್ತಕ ಪ್ರಕಟಿಸಿದರು. ಅದೇ ವರ್ಷ ಜೋಯಲ್ ಚಾಂಡ್ಲರ್ ಹ್ಯಾರಿಸ್ ‘ಸ್ಕ್ರಿಬ್ನರ್ಸ್’ ಮಾಸಿಕದಲ್ಲಿ ಎರಡು ದೀರ್ಘ ಲೇಖನಗಳನ್ನು ಬರೆದರು. ‘ಅಂಕಲ್ ರೀಮಸ್’ ಕಥೆಗಳಿಂದ ಪ್ರಸಿದ್ಧರಾಗಿದ್ದ ಹ್ಯಾರಿಸ್, 1883ರ ಸಂಕಲನದಲ್ಲಿಯೇ ಗಲ್ಲಾ ಆಡುವ ಪಾತ್ರವೊಂದನ್ನು ತಂದಿದ್ದರು. ಅವರ ಸಹಾನುಭೂತಿ ನಿಜವಾದದ್ದು. ಲೇಖನಗಳು ದೂರದ ಓದುಗರ ಗಮನವನ್ನು ದ್ವೀಪಗಳತ್ತ ಸೆಳೆದವು. ಆದರೆ ಆ ಓದುಗರಿಗೆ ಗಲ್ಲಾ ಮಾತು ಪರಿಚಿತವಾಗಿದ್ದುದು ವಿನೋದದ ಕಥೆಗಳಿಂದ. ಮಕ್ಕಳನ್ನು ನೀರಿಗೆ ಕಳೆದುಕೊಂಡವರ ಮಾತೂ ಅದೇ ಕಾಗುಣಿತದಲ್ಲಿ ಅವರನ್ನು ತಲುಪಬೇಕಾಗಿತ್ತು.

ಈ ಬಗೆಯ ಬರವಣಿಗೆ ಭಾಷೆಯ ಬಗ್ಗೆ ಒಂದು ಅಭಿಪ್ರಾಯವನ್ನೂ ಕಟ್ಟಿತು. 1922ರಲ್ಲಿ ಆಂಬ್ರೋಸ್ ಗೊನ್ಸಾಲೆಸ್ ಪ್ರಕಟಿಸಿದ ಗಲ್ಲಾ ಕಥೆಗಳ ಸಂಕಲನವು ಆ ನುಡಿಯನ್ನು ಒಡ್ಡು ನಾಲಿಗೆಯಿಂದ ಕೆಟ್ಟ ಇಂಗ್ಲಿಷ್ ಎಂಬಂತೆ ವಿವರಿಸಿತು. ಕಪ್ಪು ಭಾಷಾವಿಜ್ಞಾನಿ ಲೊರೆಂಜೊ ಡೌ ಟರ್ನರ್ 1929ರ ಬೇಸಿಗೆಯಲ್ಲಿ ಆರೆಂಜ್‌ಬರ್ಗ್‌ನ ಕಾಲೇಜೊಂದರಲ್ಲಿ ಪಾಠ ಮಾಡುವಾಗ ವಿದ್ಯಾರ್ಥಿಗಳ ಬಾಯಲ್ಲಿ ಗಲ್ಲಾ ಕೇಳಿ, ಮುಂದೆ ಧ್ವನಿಮುದ್ರಣ ಯಂತ್ರದೊಡನೆ ದ್ವೀಪಗಳಲ್ಲಿ ಕ್ಷೇತ್ರಕಾರ್ಯ ಮಾಡಿದರು. 1949ರ ಅವರ ಗ್ರಂಥ ಸುಮಾರು ನಾಲ್ಕು ಸಾವಿರ ಆಫ್ರಿಕನ್ ಮೂಲದ ಪದಗಳನ್ನು ಗುರುತಿಸಿತು. ಅವುಗಳಲ್ಲಿ ಬಹುಪಾಲು ವ್ಯಕ್ತಿನಾಮಗಳು. ಶಾಲೆಯ ಹಾಜರಿಯಲ್ಲಿ ಇಂಗ್ಲಿಷ್ ಹೆಸರಿದ್ದ ಮಗುವಿಗೆ ಮನೆಯಲ್ಲಿ ಇನ್ನೊಂದು ಹೆಸರಿರುತ್ತಿತ್ತು. ಹುಟ್ಟಿದ ದಿನ, ಆ ಹೊತ್ತಿನ ಹವೆ, ಮನೆಯ ಸ್ಥಿತಿ ಅದರಲ್ಲಿ ಸೂಚಿತವಾಗುತ್ತಿತ್ತು. ಹೊರಗಿನ ಸಂಶೋಧಕರಿಗೆ ಆ ಹೆಸರು ಕೇಳಿಸಿರಲೇ ಇಲ್ಲ. ಟರ್ನರ್ ಮಾತನಾಡಿಸಿದವರಲ್ಲಿ ಹೆಚ್ಚಿನವರು ವೃದ್ಧರು, 1893ನ್ನು ಕಂಡ ತಲೆಮಾರಿಗೆ ಸೇರಿದವರು. ಅವರ ಕಥನ, ಪ್ರಾರ್ಥನೆಗಳನ್ನು ಧ್ವನಿಲಿಪಿಯಲ್ಲಿಯೂ ಪಕ್ಕದಲ್ಲಿ ಇಂಗ್ಲಿಷ್ ಅನುವಾದದಲ್ಲಿಯೂ ಅಚ್ಚು ಮಾಡಿದ್ದು ಆ ಗ್ರಂಥದ ದೊಡ್ಡ ಸಾಧನೆ. ಗಲ್ಲಾ ಅಲ್ಲಿ ಮೊದಲ ಬಾರಿಗೆ ನಗೆಯ ಸಾಮಗ್ರಿಯಾಗಿರದೆ ಸಾಕ್ಷ್ಯದ ಭಾಷೆಯಾಗಿ ನಿಂತಿತು.

ಅನಂತರದ ನಷ್ಟಗಳು

ಬಿರುಗಾಳಿ ಕಡೆಗೂ ಕಸಿದುಕೊಂಡದ್ದನ್ನು ಲೆಕ್ಕ ಹಾಕಲು 1894ರ ಬೇಸಿಗೆಯಲ್ಲಿ ನಿಲ್ಲುವಂತಿಲ್ಲ. ಫಾಸ್ಫೇಟ್ ಕಂಪನಿಗಳ ಹೂಳೆತ್ತುವ ಯಂತ್ರಗಳೂ ದೋಣಿಗಳೂ ಹಾಳಾಗಿದ್ದವು. ಆ ಹೊತ್ತಿಗೆ ಫ್ಲಾರಿಡಾದ ನಿಕ್ಷೇಪಗಳು ಪೈಪೋಟಿಗೆ ಬಂದಿದ್ದವು. ಉದ್ಯಮ ಹಿಂದಿನ ಸ್ಥಿತಿಗೆ ಮರಳಲಿಲ್ಲ, ಸಂಸಾರದ ಎರಡು ಆಧಾರಗಳಲ್ಲಿ ಒಂದು ಮುರಿಯಿತು. 1895ರಲ್ಲಿ ಟಿಲ್‌ಮನ್ ಮುಂದಾಳತ್ವದಲ್ಲಿ ರಚಿತವಾದ ರಾಜ್ಯ ಸಂವಿಧಾನ, ಸಂವಿಧಾನದ ಭಾಗವನ್ನು ಓದಿ ಅಥವಾ ಕೇಳಿ ವಿವರಿಸಬೇಕೆಂಬ ಷರತ್ತಿನ ಮೂಲಕ ಕಪ್ಪು ಜನರ ಮತಾಧಿಕಾರವನ್ನು ಕಿತ್ತುಕೊಂಡಿತು. ಆ ಸಭೆಯಲ್ಲಿದ್ದ ಆರು ಕಪ್ಪು ಪ್ರತಿನಿಧಿಗಳಲ್ಲಿ ಐವರು ಬ್ಯೂಫರ್ಟ್‌ನವರು. ಸ್ಮಾಲ್ಸ್ ಅದನ್ನು ವಿರೋಧಿಸಿ ಸೋತರು. ಮನೆ ಕಟ್ಟಿಕೊಂಡ ಮರುವರ್ಷವೇ ಆ ಮನೆಯವರಿಗೆ ಸರ್ಕಾರದಲ್ಲಿ ದನಿಯಿಲ್ಲದಂತಾಯಿತು. ಇಪ್ಪತ್ತನೆಯ ಶತಮಾನದ ಆರಂಭದಿಂದ ಕೂಲಿ ಹುಡುಕಿ ಸವಾನಾ, ನ್ಯೂಯಾರ್ಕ್‌ಗಳತ್ತ ವಲಸೆ ಹೆಚ್ಚಿತು. ಕಾಯಿಕೊರಕ ಹುಳು ಹತ್ತಿಯನ್ನು ಮುಗಿಸಿತು. 1940ರ ಆಗಸ್ಟ್ 11ರಂದು ಮತ್ತೊಂದು ಚಂಡಮಾರುತ ಇದೇ ತೀರಕ್ಕೆ ಬಂತು.

ಇಷ್ಟಾದರೂ ಗಲ್ಲಾ ಉಳಿದದ್ದಕ್ಕೆ ಕಾರಣ ಉಳಿದವರು ನೆಲ ಬಿಡದಿದ್ದುದು. ಅದೇ ನೆಲಕ್ಕೆ ಇಂದಿನ ಅಪಾಯ ಕಾಗದದ ರೂಪದಲ್ಲಿ ಬಂದಿದೆ. ಉಯಿಲು ಬರೆಯದೆ ತೀರಿಕೊಂಡವರ ಜಮೀನು ಎಲ್ಲ ವಾರಸುದಾರರ ಅವಿಭಕ್ತ ಆಸ್ತಿಯಾಗಿ ಮುಂದುವರಿದಿದೆ. ನಮ್ಮ ಕಂದಾಯ ಭಾಷೆಯಲ್ಲಿ ಹೇಳುವುದಾದರೆ ಪೌತಿಖಾತೆ ಆಗದ ಜಮೀನು. ವಾರಸುದಾರರಲ್ಲಿ ಒಬ್ಬರ ಪಾಲನ್ನು ಕೊಂಡ ಹೊರಗಿನವರು ನ್ಯಾಯಾಲಯದ ಮೂಲಕ ಇಡೀ ಆಸ್ತಿಯನ್ನೇ ಮಾರಾಟಕ್ಕೆ ತರಲು ಸಾಧ್ಯವಾಗಿದೆ. 1956ರಲ್ಲಿ ಸೇತುವೆ ಬಂದ ಮೇಲೆ ಹಿಲ್ಟನ್ ಹೆಡ್ ವಿಹಾರಧಾಮಗಳ ದ್ವೀಪವಾಯಿತು. ಹೊಸ ಬಿರುಗಾಳಿಗಳ ಅನಂತರ, ಹೆಸರಿಗೆ ಹಕ್ಕುಪತ್ರವಿಲ್ಲದ ಇಂಥ ಮನೆಗಳವರಿಗೆ ಒಕ್ಕೂಟ ಸರ್ಕಾರದ ವಿಪತ್ತು ಪರಿಹಾರ ಸಿಗುವುದೂ ಕಷ್ಟವಾಯಿತು. ಒಡೆತನದ ದಾಖಲೆಯ ನಿಯಮವನ್ನು ಸಡಿಲಿಸಿದ್ದು 2021ರಲ್ಲಿ. 2005ರಲ್ಲಿ ಗಲ್ಲಾ ಭಾಷೆಯ ಹೊಸ ಒಡಂಬಡಿಕೆ ಪ್ರಕಟವಾಯಿತು. 2006ರಲ್ಲಿ ಅಮೆರಿಕದ ಕಾಂಗ್ರೆಸ್ ಗಲ್ಲಾ-ಗೀಚಿ ಪರಂಪರೆಯ ವಲಯವನ್ನು ಘೋಷಿಸಿತು. ಭಾಷೆಗೆ ಮಾನ್ಯತೆ ದೊರೆತ ಕಾಲದಲ್ಲಿಯೇ ಆ ಭಾಷೆಯ ಕೇರಿಗಳು ಕೈತಪ್ಪುತ್ತಿರುವುದು ಈ ಚರಿತ್ರೆಯ ಕಹಿ ಸತ್ಯ.

ಭಾಷಾ ಅಲ್ಪಸಂಖ್ಯಾತರ ಚರಿತ್ರೆಯನ್ನು ಬರೆಯುವವರಿಗೆ ಈ ನಿದರ್ಶನ ಎರಡು ಸಂಗತಿಗಳನ್ನು ಒದಗಿಸುತ್ತದೆ. ಮೊದಲನೆಯದು, ಭಾಷೆಯ ಅಳಿವು ಉಳಿವನ್ನು ಶಾಲೆ ಮತ್ತು ಶಾಸನಗಳಲ್ಲಿ ಮಾತ್ರ ಹುಡುಕದೆ ಹಿಡುವಳಿ, ಕೂಲಿ, ತೆರಿಗೆಗಳ ಕಡತಗಳಲ್ಲಿಯೂ ಹುಡುಕಬೇಕು. ಎರಡನೆಯದು, ಬರ, ನೆರೆ, ಬಿರುಗಾಳಿಗಳ ಕಡತಗಳು ರಾಜ್ಯಭಾಷೆಯಲ್ಲಿರುವಾಗ, ಮನೆಮಾತಿನಲ್ಲಿ ಉಳಿದಿರುವ ನೆನಪನ್ನು ಅದರದೇ ರೂಪದಲ್ಲಿ, ಆ ತಲೆಮಾರು ಬದುಕಿರುವಾಗಲೇ ದಾಖಲಿಸಬೇಕು. ಮಲಯಾಳಂ, ತಮಿಳು, ಮರಾಠಿ, ತೆಲುಗು ಕಡತಗಳ ನಡುವೆ ಕನ್ನಡ ಸಮುದಾಯಗಳ ಪೂರ್ವವೃತ್ತಾಂತವನ್ನು ಅರಸುವವರಿಗೂ ಈ ಎರಡು ಮಾತುಗಳು ಅನ್ವಯಿಸುತ್ತವೆ. ಟರ್ನರ್ ದ್ವೀಪಗಳಿಗೆ ಹೋದದ್ದು ಬಿರುಗಾಳಿ ಕಳೆದು ಸುಮಾರು ನಲವತ್ತು ವರ್ಷಗಳ ಮೇಲೆ. ಇನ್ನಿಪ್ಪತ್ತು ವರ್ಷ ತಡವಾಗಿದ್ದರೆ ಆ ತಲೆಮಾರಿನ ಸಾಕ್ಷ್ಯಕ್ಕೆ ಬಾರ್ಟನ್, ಮ್ಯಾಥರ್, ಹ್ಯಾರಿಸ್ ಅವರ ಇಂಗ್ಲಿಷ್ ಪುಟಗಳನ್ನೇ ನೆಚ್ಚಬೇಕಾಗುತ್ತಿತ್ತು.