ಮೆಟಡೋರಿನ ಹೊಗೆ ಮತ್ತು ಚೀಟಿಯ ಹಣ

ನಮ್ಮ ಭಾಷೆಗೆ ಎಲ್ಲೆಲ್ಲಿಂದಲೋ ಬಂದು, ಊರಿನವರಂತೆಯೇ ಉಳಿದುಬಿಟ್ಟ ಪದಗಳು ಎಷ್ಟೋ ಇವೆ. ‘ಟೆಂಪೋ’, ‘ಮೆಟಡೋರ್’ ಅಂಥವೇ ಎರಡು. ಮನೆ ಖಾಲಿ ಮಾಡುವವರು ಯಾವ ಗಾಡಿಗೆ ಹೇಳಿದರೂ ‘ಟೆಂಪೋ ಬಂತು’ ಎನ್ನುತ್ತಾರೆ. ಮದುವೆ ದಿಬ್ಬಣ ಯಾವ ವ್ಯಾನಿನಲ್ಲಿ ಹೊರಟರೂ ನಮ್ಮ ಹಳ್ಳಿಗಳ ಕಡೆ ಅದು ‘ಮೆಟಡೋರ್’. ಈ ಎರಡೂ ಜರ್ಮನಿಯ ಹ್ಯಾಂಬರ್ಗ್ ಊರಿನ ಒಂದೇ ಮನೆಯ ಮಕ್ಕಳು ಎಂದರೆ ನೀವು ನಗಬಹುದು.

1928ರಲ್ಲಿ ಆ ಊರಿನಲ್ಲಿ ಟೆಂಪೋ ಎಂಬ ಹೆಸರಿನ ಗಾಡಿಗಳ ಕಾರ್ಖಾನೆ ಹುಟ್ಟಿತು. ಮೂರು ಚಕ್ರದ ಸಣ್ಣ ಸಾಮಾನು ಗಾಡಿಗಳಿಗೆ ಅದು ಹೆಸರುವಾಸಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1949ರಲ್ಲಿ, ಅವರು ನಾಲ್ಕು ಚಕ್ರದ ಗಾಡಿಯೊಂದನ್ನು ತಂದು ‘ಮೆಟಡೋರ್’ ಎಂದು ಹೆಸರಿಟ್ಟರು. ಸ್ಪೇನಿನಲ್ಲಿ ಗೂಳಿಯ ಜೊತೆ ಕಾದಾಡುವವನಿಗೆ ಆ ಹೆಸರು. ಅದಕ್ಕೆ ಬೇಕಾದ ಎಂಜಿನ್ ಫೋಕ್ಸ್‌ವ್ಯಾಗನ್ ಕಂಪನಿಯಿಂದ ಬರುತ್ತಿತ್ತು. ಆದರೆ ಮರುವರ್ಷವೇ ಫೋಕ್ಸ್‌ವ್ಯಾಗನ್ ತನ್ನದೇ ವ್ಯಾನನ್ನು ಮಾರಲು ತೊಡಗಿತು. ಓರಗಿತ್ತಿಗೆ ತನ್ನ ಒಲೆಯ ಕೆಂಡ ಯಾರು ಕೊಡುತ್ತಾರೆ? 1952ರಲ್ಲಿ ಎಂಜಿನ್ ಬರುವುದು ನಿಂತಿತು. ಮೆಟಡೋರ್ ಬೇರೆ ಎಂಜಿನ್ ಹುಡುಕಿಕೊಂಡು ಬದುಕಿತು.

ಆಮೇಲಿನ ಕಥೆ ಸ್ವಾರಸ್ಯವಾಗಿದೆ. ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಹಾಸಿಗೆ, ಒಲೆ ಕೂಡಿಸಿ ಅಲ್ಲಿಯ ಸಂಸಾರಗಳು ಊರೂರು ಸುತ್ತಿದವು. ಇಂದಿಗೂ ಅದನ್ನು ಸಾಕಿಕೊಂಡಿರುವವರು ಲೋಕದ ತುಂಬ ಇದ್ದಾರೆ. ಅದರ ಓರಗಿತ್ತಿ ಮೆಟಡೋರ್ ಮಾತ್ರ ನಮ್ಮ ದೇಶಕ್ಕೆ ಬಂತು. 1958ರಲ್ಲಿ ಎನ್. ಕೆ. ಫಿರೋದಿಯಾ ಅವರ ಮುಂದಾಳತ್ವದಲ್ಲಿ ಬಜಾಜ್ ಟೆಂಪೋ ಕಂಪನಿ ಸ್ಥಾಪನೆಯಾಗಿ, ಮೊದಲು ಮೂರು ಚಕ್ರದ ಟೆಂಪೋ, 1969ರಲ್ಲಿ ಮೆಟಡೋರ್ ಹೊರಬಂದವು. ಮುಂದೆ ಅದಕ್ಕೆ ಬೆಂಜ್ ಕಂಪನಿಯ ಪರವಾನಗಿಯಲ್ಲಿ ತಯಾರಾದ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ಕೂಡಿತು. ಎಂಜಿನ್ನಿನ ಬಲ ಮುಂದಿನ ಗಾಲಿಗಳಿಗೇ ಹೋಗುವುದರಿಂದ ಹಿಂದೆ ತಳ ಸಪಾಟು, ಜಾಗ ಧಾರಾಳ. ಹಾಸಿಗೆ ಒಲೆಗಳನ್ನು ಯಾರೂ ಕೂಡಿಸಿಕೊಡಲಿಲ್ಲ. ಜಮಖಾನ, ಸೀಮೆಎಣ್ಣೆ ಸ್ಟೌ, ಪುಳಿಯೋಗರೆ ಗೊಜ್ಜಿನ ಡಬ್ಬಿ ಹಿಡಿದು ಹತ್ತಿದ ಹೆಂಗಸರೇ ಅದನ್ನು ಮನೆ ಮಾಡಿದರು.

ನಂಜನಗೂಡು ತಾಲ್ಲೂಕಿನ ಬಿಳಿಗೆರೆಯ ನಮ್ಮ ಮನೆಗೂ ಅಂಥದೊಂದು ಬಂದಿತ್ತು, ಎರಡು ಕೈ ದಾಟಿ. ವಾರದಲ್ಲಿ ಬಾಳೆಗೊನೆ, ತರಕಾರಿ. ಲಗ್ನದ ತಿಂಗಳಲ್ಲಿ ದಿಬ್ಬಣ. 1993ರ ಆಷಾಢದ ಹೊತ್ತಿಗೆ ಅದು ಕೆಮ್ಮಲು ಶುರುಮಾಡಿತು. ಬೆಳಿಗ್ಗೆ ಸ್ಟಾರ್ಟ್ ಆಗಬೇಕಾದರೆ ಮೈದುನ, ಆಳುಮಕ್ಕಳು ಎಲ್ಲ ತಳ್ಳಬೇಕು. ಹಿಂದೆ ನೀಲಿ ಹೊಗೆ. ನಮ್ಮ ಮನೆಯವರು ‘ಗುಜರಿಗೆ ಕೊಟ್ಟುಬಿಡೋಣ’ ಎಂದರು.

ಆ ವರ್ಷದ ಕಾರ್ತಿಕದಲ್ಲಿ ತಲಕಾಡಿನ ಪಂಚಲಿಂಗ ದರ್ಶನವಿತ್ತು. ವೈದ್ಯನಾಥೇಶ್ವರ, ಪಾತಾಳೇಶ್ವರ, ಮರುಳೇಶ್ವರ ಮರಳ ನಡುವೆಯೇ ಇದ್ದರೂ, ಅರ್ಕೇಶ್ವರ ವಿಜಾಪುರದಲ್ಲಿ, ಮಲ್ಲಿಕಾರ್ಜುನ ಮುಡುಕುತೊರೆ ಬೆಟ್ಟದ ಮೇಲೆ. ಮಂಡಿನೋವಿನ ನಮ್ಮ ಅತ್ತೆಗೆ ಬಸ್ಸಿನ ನೂಕುನುಗ್ಗಲು ಆಗುವಂತಿರಲಿಲ್ಲ. ‘ತಿಥಿ, ವಾರ ಮತ್ತೆ ಯಾವಾಗ ಕೂಡಿ ಬರುತ್ತೋ, ಆಗ ನಾನಿರುತ್ತೀನೋ ಇಲ್ಲವೋ ಕಣವ್ವ’ ಎಂದರು. ಬೇರೇನೂ ಕೇಳಲಿಲ್ಲ.

ನಾವು ಹತ್ತು ಹೆಂಗಸರು ಸೇರಿ ಹಾಕಿದ ಚೀಟಿ ಆ ತಿಂಗಳು ನನ್ನ ಸರದಿಗೆ ಬಂತು. ಕೈಗೆ ಸಿಕ್ಕಿದ್ದು ಹತ್ತು ಸಾವಿರ. ‘ಇದರೊಳಗೆ ಆಗುವುದಾದರೆ ಮಾಡಿಸಿ, ಆಗದಿದ್ದರೆ ಗುಜರಿಗೆ ಹಾಕಿ’ ಎಂದು ನಮ್ಮ ಮನೆಯವರ ಜೊತೆ ನಾನೂ ಮೈಸೂರಿಗೆ ಹೊರಟೆ. ಮೊದಲು ಹೋದ ಕಡೆ ‘ಇಡೀ ಎಂಜಿನ್ನೇ ಬದಲಾಯಿಸಬೇಕು’ ಎಂದು ನಮ್ಮ ಹಣದ ಮೂರರಷ್ಟು ಕೇಳಿದರು. ಎರಡನೆಯ ಮೇಸ್ತ್ರಿ ಹಾಗಲ್ಲ. ಚಾಲಕನ ಪಕ್ಕದ ಮುಚ್ಚಳ ತೆಗೆದು, ಎಂಜಿನ್ ಓಡುತ್ತಿರುವಾಗಲೇ ಎಣ್ಣೆ ಹಾಕುವ ಬಿರಡೆ ಬಿಚ್ಚಿದ. ಅಲ್ಲಿಂದ ಬುಸುಬುಸು ಹೊಗೆ. ‘ಬ್ಯಾಕ್ ಕಂಪ್ರೆಷನ್ ಬಂದ್ಬಿಟ್ಟಿದೆ ಅಕ್ಕ’ ಎಂದ.

ಅದೇನೆಂದು ಚಕ್ಕುಲಿ ಒರಳು ಹಿಡಿದವರಿಗೆ ಸುಲಭವಾಗಿ ತಿಳಿಯುತ್ತದೆ. ಒರಳು ಸವೆದರೆ ಒತ್ತಿದ ಹಿಟ್ಟು ಕೆಳಗಿಳಿಯದೆ ಪಕ್ಕದಿಂದ ಮೇಲೇರುತ್ತದಲ್ಲ, ಹಾಗೆ. ಡೀಸೆಲ್ ಎಂಜಿನ್ನಿಗೆ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಪಿಸ್ಟನ್ನು ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಪಿಸ್ಟನ್ನಿನ ಸುತ್ತಲ ರಿಂಗು, ಅದು ಓಡಾಡುವ ಲೈನರು ಸವೆದರೆ ಗಾಳಿ ಸೋರುತ್ತದೆ; ಬಿಸಿ ಸಾಲದೆ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಕೆಳಗಿನ ಎಣ್ಣೆ ಮೇಲೇರಿ ಸುಡುತ್ತದೆ. ಅದೇ ನೀಲಿ ಹೊಗೆ. ಕಪ್ಪು ಹೊಗೆಯಾಗಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲವೆಂದು ಅರ್ಥ, ನಾಝಲ್ಲನ್ನೋ ಗಾಳಿಯ ಫಿಲ್ಟರನ್ನೋ ನೋಡಬೇಕು. ಹಸಿ ಸೌದೆಯ ಹೊಗೆ ಬೇರೆ, ಒಗ್ಗರಣೆ ಸೀದ ಹೊಗೆ ಬೇರೆ ಎಂದು ನಮಗೆ ಗೊತ್ತಿಲ್ಲವೇ?

ಮೇಸ್ತ್ರಿ ‘ಹಾಫ್ ಎಂಜಿನ್’ ಕೆಲಸ ಸಾಕೆಂದ. ಕ್ರ್ಯಾಂಕನ್ನು ಅಳೆದು ನೋಡಿದ. ಸವೆದಿರಲಿಲ್ಲ, ಅದನ್ನು ಮುಟ್ಟಲಿಲ್ಲ. ದೊಡ್ಡ ಖರ್ಚು ಉಳಿದದ್ದು ಅಲ್ಲಿ. ಹೊಸ ಲೈನರು, ಪಿಸ್ಟನ್ನು, ರಿಂಗು, ಬೇರಿಂಗು, ಹೆಡ್ ಗ್ಯಾಸ್ಕೆಟ್ ತಂದೆವು. ಹೆಡ್ಡು ಲೇತ್ ಅಂಗಡಿಗೆ ಹೋಯಿತು. ವಾಲ್ವುಗಳನ್ನು ಹಳೆಯವೇ ಇಟ್ಟುಕೊಂಡು, ಗಂಧ ತೇಯುವ ಹಾಗೆ ಪೇಸ್ಟು ಹಚ್ಚಿ ಹುಡುಗನೊಬ್ಬ ಎರಡು ದಿನ ತೇಯ್ದ. ತೇಯ್ದ ಮೇಲೆ ಸೀಮೆಎಣ್ಣೆ ಸುರಿದು ಸೋರುವುದಿಲ್ಲವೆಂದು ನನಗೆ ತೋರಿಸಿದ. ಪ್ರತಿ ಚೀಟಿಯನ್ನೂ ನಾನು ಲೆಕ್ಕದ ಪುಸ್ತಕಕ್ಕೆ ಅಂಟಿಸಿಕೊಂಡೆ. ಕೂಲಿ ಸೇರಿ ಮುನ್ನೂರು ರೂಪಾಯಿ ಉಳಿಯಿತು. ‘ಮೊದಲ ಸಾವಿರ ಕಿಲೋಮೀಟರು ಬಾಣಂತಿಯ ಹಾಗೆ ನೋಡಿಕೊಳ್ಳಿ, ಭಾರ ಹಾಕಬೇಡಿ, ಓಡಿಸಬೇಡಿ, ಆಮೇಲೆ ಎಣ್ಣೆ ಬದಲಾಯಿಸಿ’ ಎಂದು ಮೇಸ್ತ್ರಿ ಹೇಳಿ ಕಳಿಸಿದ. ಹಾಗೇ ಮಾಡಿದೆವು. ಮನೆಯವರು ಮೆಲ್ಲಗೆ ಓಡಿಸುವುದನ್ನು ನೋಡಿ ಎತ್ತಿನ ಗಾಡಿಯವರು ನಕ್ಕರು.

ಕಾರ್ತಿಕದಲ್ಲಿ ತಿ. ನರಸೀಪುರ ದಾಟಿ ತಲಕಾಡಿಗೆ ಹೋದೆವು. ಚೀಟಿಯ ಗೆಳತಿಯರಲ್ಲಿ ನಾಲ್ವರು ಜೊತೆಗಿದ್ದರು. ರಾತ್ರಿ ಮೆಟಡೋರಿನೊಳಗೇ ಜಮಖಾನ ಹಾಸಿ ಮಲಗಿದೆವು. ಅತ್ತೆ ಎಂಜಿನ್ನಿನ ಮುಚ್ಚಳಕ್ಕೆ ಕಾಲು ತಾಗಿಸಿಕೊಂಡು, ‘ಬೆಚ್ಚಗಿದೆ ಕಣವ್ವ, ಮಂಡಿಗೆ ಹಿತವಾಗಿದೆ’ ಎಂದರು. ಐದು ಲಿಂಗಗಳನ್ನೂ ನೋಡಿದರು.

ಮುಂದಿನ ಪಂಚಲಿಂಗ ದರ್ಶನ ಕೂಡಿ ಬಂದದ್ದು 2006ರಲ್ಲಿ, ಹದಿಮೂರು ವರ್ಷದ ಮೇಲೆ. ಅಷ್ಟರಲ್ಲಿ ಅತ್ತೆ ಇರಲಿಲ್ಲ. ಮೆಟಡೋರ್ ತಯಾರಿಕೆ 2000ದಲ್ಲೇ ನಿಂತಿತ್ತು. 2005ರಲ್ಲಿ ಕಂಪನಿಯೂ ಫೋರ್ಸ್ ಮೋಟರ್ಸ್ ಎಂದು ಹೆಸರು ಬದಲಿಸಿಕೊಂಡಿತ್ತು. ಆದರೂ ಇಂದಿಗೂ ಯಾತ್ರೆಗೆ ಅದೇ ಕಂಪನಿಯ ‘ಟಿ.ಟಿ.’ ಗೊತ್ತುಮಾಡುತ್ತೇವೆ, ಅದರ ಮೊದಲ ‘ಟಿ’ ಟೆಂಪೋ ಎಂಬುದನ್ನು ಯಾರೂ ನೆನೆಯುವುದಿಲ್ಲ. ಹೊರಡುವ ದಿನ ಬೀದಿಯ ತುದಿಯಲ್ಲಿ ಹಾರನ್ ಕೇಳಿದರೆ ನಮ್ಮೂರಿನ ಹೆಂಗಸರು ಈಗಲೂ ಕೂಗುವುದು, ‘ಬನ್ರೇ, ಮೆಟಡೋರ್ ಬಂತು!’